ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತಿದ ಹುಡುಗ: ಪತ್ರಕರ್ತ ಡಿ.ವಿ.ಜಿ.



ನನ್ನ ಮಾಮು ಬಂಗಾರಪೇಟೆಯಲ್ಲಿ ಪತ್ರಿಕೆ ಏಜೆಂಟ್. ರಜೆ ಇದ್ದಾಗ ನಾನೂ ಬೆಳಗಿನ ಜಾವ ಎದ್ದು ಅವರ ಜೊತೆ ಹೋಗುತ್ತೇನೆ. ಕತ್ತಲಿರುವಾಗಲೇ ಬೆಂಗಳೂರಿನಿಂದ ಕಟ್ಟುಗಳು ಬಂದು ಬೀಳುತ್ತವೆ. ಕನ್ನಡ, ಇಂಗ್ಲಿಷ್, ತಮಿಳು, ತೆಲುಗು, ಉರ್ದು ಎಲ್ಲವನ್ನೂ ನೆಲದ ಮೇಲೆ ಹರಡಿ, ಎಣಿಸಿ, ಹುಡುಗರಿಗೆ ಹಂಚುತ್ತೇವೆ. ಸೈಕಲ್ಲುಗಳು ಒಂದೊಂದು ಬೀದಿಗೆ ಹೊರಡುತ್ತವೆ. ಆರೂವರೆಗೆ ಎಲ್ಲ ಮುಗಿದಿರುತ್ತದೆ. ಆಮೇಲೆ ಚಹಾ ಕುಡಿಯುತ್ತಾ ಮಾಮು ಲೆಕ್ಕದ ಪುಸ್ತಕ ತೆರೆಯುತ್ತಾರೆ. ಯಾರು ಎಷ್ಟು ತಿಂಗಳಿಂದ ಹಣ ಕೊಟ್ಟಿಲ್ಲ, ಉಳಿಕೆ ಪ್ರತಿ ಎಷ್ಟು, ಕಮಿಷನ್ ಎಷ್ಟು ಎಂದು ಬರೆಯುತ್ತಾರೆ. ಪತ್ರಿಕೆಯೂ ಒಂದು ವ್ಯಾಪಾರ ಎಂದು ನನಗೆ ಗೊತ್ತಾಗಿದ್ದು ಪಠ್ಯಪುಸ್ತಕದಿಂದಲ್ಲ, ಆ ಲೆಕ್ಕದ ಪುಸ್ತಕದಿಂದ.

ನಮ್ಮ ಜಿಲ್ಲೆಯ ಒಬ್ಬ ಸಾಧಕರ ಬಗ್ಗೆ ಬರೆಯಿರಿ ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ ನಾನು ಡಿ.ವಿ. ಗುಂಡಪ್ಪನವರನ್ನು ಆರಿಸಿಕೊಂಡೆ. ಡಿ.ವಿ.ಜಿ. ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಂಕುತಿಮ್ಮನ ಕಗ್ಗ. ಕಪ್ಪುಹಲಗೆಯ ಮೂಲೆಯಲ್ಲಿ ಅದರ ಸಾಲುಗಳನ್ನು ಬರೆದಿರುವುದನ್ನು ಶಾಲೆಯಿಂದಲೂ ನೋಡಿದ್ದೇವೆ. ಆದರೆ ಕಗ್ಗ ಪ್ರಕಟವಾಗಿದ್ದು 1943ರಲ್ಲಿ, ಅವರಿಗೆ ಐವತ್ತು ದಾಟಿದ ಮೇಲೆ. ಅದಕ್ಕೆ ಬಹಳ ಮೊದಲೇ ಅವರು ಪತ್ರಿಕೆ ನಡೆಸಿದ್ದರು. ಪತ್ರಿಕೆಯೇ ಅವರ ಉದ್ಯೋಗ. ಆ ಉದ್ಯೋಗದ ದಾರಿ ನಮ್ಮ ಬಂಗಾರಪೇಟೆ ನಿಲ್ದಾಣವನ್ನೂ ನಮ್ಮ ಕೆ.ಜಿ.ಎಫ್.ಅನ್ನೂ ಹಾದು ಹೋಗಿದೆ.

ಮುಳಬಾಗಿಲಿನ ಮನೆ ಮತ್ತು ರಸೂಲ್ ಖಾನರ ಜಟಕಾ

ಡಿ.ವಿ.ಜಿ. ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಪೂರ್ತಿ ಹೆಸರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ದೊಡ್ಡ ಆಸ್ತಿಯ ಮನೆಯಲ್ಲ. ಊರಿನ ಶಾಲೆ ಮುಗಿದ ಮೇಲೆ ಹುಡುಗನ ಓದು ಅಲ್ಲಿಗೇ ನಿಲ್ಲುವ ಹಾಗಿತ್ತು.

ಆಗ ಮುಂದೆ ಬಂದವರು ರಸೂಲ್ ಖಾನ್ ಎಂಬ ಜಟಕಾದವರು. ಆ ಮನೆಗೆ ಬೇಕಾದವರು, ಮನೆಯವರ ಹಾಗೆಯೇ ಮಾತಾಡುವ ಸಲಿಗೆ ಇದ್ದವರು. ಗುಂಡಪ್ಪ ಇಲ್ಲಿಯೇ ಉಳಿದರೆ ಹಾಳಾಗುತ್ತಾನೆ, ದೊಡ್ಡ ಊರಿಗೆ ಹೋಗಿ ಓದಬೇಕು ಎಂದು ಅವರು ಪಟ್ಟು ಹಿಡಿದರು. ಹುಡುಗನನ್ನು ತಮ್ಮ ಜಟಕಾದಲ್ಲಿ ಕೂರಿಸಿಕೊಂಡು ಬೌರಿಂಗ್‌ಪೇಟೆಯ ರೈಲು ನಿಲ್ದಾಣಕ್ಕೆ ತಂದರು. ಮುಳಬಾಗಿಲಿಗೆ ಆಗ ರೈಲಿರಲಿಲ್ಲ, ಇಂದಿಗೂ ಇಲ್ಲ. ಬೌರಿಂಗ್‌ಪೇಟೆ ಎಂದರೆ ಇಂದಿನ ನಮ್ಮ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಊರಿಗಿತ್ತು. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಬಂದ ಮೇಲೆ ಸುತ್ತಲಿನ ಊರುಗಳವರು ಹೊರಗಿನ ಪ್ರಪಂಚಕ್ಕೆ ಹೋಗುವ ಬಾಗಿಲು ಇದೇ ಆಗಿತ್ತು. ಆ ಬಾಗಿಲಿನಿಂದ ಗುಂಡಪ್ಪ ಮೈಸೂರಿಗೆ ಓದಲು ಹೋದರು.

ಡಿ.ವಿ.ಜಿ. ಮುಂದೆ ದಿವಾನರು, ವಿದ್ವಾಂಸರು, ಸಂಗೀತಗಾರರ ನೆನಪುಗಳನ್ನು ಜ್ಞಾಪಕ ಚಿತ್ರಶಾಲೆ ಎಂಬ ಸಂಪುಟಗಳಲ್ಲಿ ಬರೆದರು. ಅಷ್ಟು ದೊಡ್ಡವರ ನಡುವೆ ರಸೂಲ್ ಖಾನರಿಗೂ ಅಲ್ಲಿ ಜಾಗ ಕೊಟ್ಟರು. ಅವರು ಬರೆಯದೇ ಹೋಗಿದ್ದರೆ ಈ ಜಟಕಾದವರ ಹೆಸರು ಇಂದು ನಮಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ಮನೆಯಲ್ಲಿ ಉರ್ದುವಿನಲ್ಲಿ ಹೇಳಿದಾಗ ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ರಸೂಲ್ ಖಾನರಿಗಾಗಿ ದುವಾ ಮಾಡಿದರು.

ಫೇಲಾದ ಹುಡುಗ, ಗಣಿಯ ಊರು

ಮೈಸೂರು ಮತ್ತು ಕೋಲಾರದಲ್ಲಿ ಓದಿದ ಗುಂಡಪ್ಪ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಫೇಲಾದರು. ಅಲ್ಲಿಗೆ ಅವರ ಶಾಲೆಯ ಓದು ಮುಗಿಯಿತು. 1904ರಲ್ಲಿ ಭಾಗೀರಥಮ್ಮನವರೊಂದಿಗೆ ಮದುವೆಯೂ ಆಗಿತ್ತು. ಸಂಪಾದನೆ ಬೇಕಾಗಿತ್ತು. ಕೆಲಸ ಹುಡುಕುತ್ತಾ ಅವರು ಬಂದದ್ದು ನಮ್ಮ ಕೆ.ಜಿ.ಎಫ್.ಗೆ. ಇಲ್ಲಿ ಒಂದು ಸೋಡಾ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು.

ಆಗಿನ ಕೆ.ಜಿ.ಎಫ್. ಹೇಗಿತ್ತು ಎಂದು ಯೋಚಿಸಿ. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ಗಣಿಗಳು ಜೋರಾಗಿ ನಡೆಯುತ್ತಿದ್ದವು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ 147 ಕಿ.ಮೀ. ತಂತಿಯ ಮೇಲೆ ಹರಿದು ನೇರವಾಗಿ ಗಣಿಗಳಿಗೆ ಬಂದಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದಿದ್ದೇ ಅದರ ನಂತರ, 1905ರಲ್ಲಿ. ಗಣಿ ಕಂಪನಿಗಳು ಲಂಡನ್ನಿನವು, ಅವನ್ನು ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕೂಡ ಲಂಡನ್ನಿನದು. ಇಲ್ಲಿ ಎಷ್ಟು ಔನ್ಸ್ ಚಿನ್ನ ಸಿಕ್ಕಿತು ಎಂಬ ಸುದ್ದಿ ಟೆಲಿಗ್ರಾಂನಲ್ಲಿ ಅಲ್ಲಿನ ಷೇರುದಾರರಿಗೆ ತಲುಪುತ್ತಿತ್ತು. ಸುರಂಗದಲ್ಲಿ ಬೆವರು ಸುರಿಸುತ್ತಿದ್ದ ಕೂಲಿಗೆ ಲಂಡನ್ನಿನಲ್ಲಿ ಆ ಷೇರಿನ ಬೆಲೆ ಎಷ್ಟಾಯಿತು ಎಂದು ಹೇಳುವವರು ಯಾರೂ ಇರಲಿಲ್ಲ. ಸುದ್ದಿಯ ತಂತಿ ಊರಿನ ಮೇಲೆಯೇ ಹೋಗುತ್ತಿತ್ತು, ಊರಿನವರಿಗೆ ಮಾತ್ರ ಸುದ್ದಿ ಸಿಗುತ್ತಿರಲಿಲ್ಲ. ಅಂಥ ಊರಿನಲ್ಲಿ ಈ ಯುವಕ ಸೋಡಾ ಕಾರ್ಖಾನೆಯಲ್ಲಿದ್ದರು.

ಅಲ್ಲಿಂದ ಬೆಂಗಳೂರಿಗೆ ಹೋದರು. ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯೊಂದರಲ್ಲಿ ಗುಮಾಸ್ತೆಯಾದರು. ಆ ಕೆಲಸವೂ ನಿಲ್ಲಲಿಲ್ಲ. ಕೊನೆಗೆ ಅವರ ಕೈಹಿಡಿದದ್ದು ಪತ್ರಿಕೆ. ಸೂರ್ಯೋದಯ ಪ್ರಕಾಶಿಕೆ ಎಂಬ ಕನ್ನಡ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಭಾರತಿ, ಮೈಸೂರು ಟೈಮ್ಸ್ ಹೀಗೆ ಒಂದರ ನಂತರ ಒಂದು ಪತ್ರಿಕೆಯ ಕೆಲಸ ಮಾಡಿದರು. ಇಪ್ಪತ್ತು ದಾಟಿದ ಹೊತ್ತಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯುವ ಪತ್ರಕರ್ತರಾಗಿದ್ದರು. ಶಾಲೆ ಕೊಡದ ವಿದ್ಯೆಯನ್ನು ಅವರು ಸ್ವಂತ ಓದಿನಿಂದಲೂ ಅಚ್ಚುಕೂಟದಿಂದಲೂ ಪಡೆದರು.

1908ರ ಕಾನೂನು

ಪತ್ರಿಕೆಯ ಕೆಲಸ ಕಲಿಯುತ್ತಿರುವಾಗಲೇ ಅವರು ಅದರ ಅಪಾಯವನ್ನೂ ಕಂಡರು. 1908ರಲ್ಲಿ ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಒಂದು ಕಠಿಣ ಕಾನೂನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದಿತ್ತು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಡಿ.ವಿ.ಜಿ. ಕೆಲಕಾಲ ಮದ್ರಾಸಿಗೆ ಹೋಗಿ ಅಲ್ಲಿನ ಪತ್ರಿಕೆಗಳಿಗೆ ಬರೆದು ಜೀವನ ಮಾಡಿದರು.

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ವ್ಯವಹಾರದ ಅಪಾಯಗಳು ಎಂಬ ಪಾಠವಿದೆ. ಬೆಂಕಿ, ಕಳ್ಳತನ, ಬೇಡಿಕೆ ಕುಸಿತ ಎಲ್ಲ ಅದರಲ್ಲಿ ಬರುತ್ತದೆ. ಅಂಗಡಿಯವನ ಸರಕು ಸುಟ್ಟರೆ ವಿಮೆ ಇದೆ. ಪತ್ರಿಕೆಯ ಸರಕು ಅದರ ಮಾತು. ಆ ಮಾತನ್ನು ನಿಲ್ಲಿಸುವ ಅಧಿಕಾರ ಬೇರೆಯವರ ಕೈಯಲ್ಲಿದ್ದರೆ ಅದಕ್ಕೆ ಯಾವ ವಿಮೆಯೂ ಇಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಡಿ.ವಿ.ಜಿ. ಇದನ್ನು ಅನುಭವದಿಂದ ತಿಳಿದರು. ಆದರೂ ಆ ಉದ್ಯೋಗ ಬಿಡಲಿಲ್ಲ.

ಕರ್ನಾಟಕ ಪತ್ರಿಕೆ

ಬೆಂಗಳೂರಿಗೆ ಮರಳಿದ ಡಿ.ವಿ.ಜಿ. 1913ರಲ್ಲಿ ಕರ್ನಾಟಕ ಎಂಬ ತಮ್ಮದೇ ಪತ್ರಿಕೆ ಆರಂಭಿಸಿದರು. ಹೆಸರು ಕನ್ನಡದ್ದಾದರೂ ಪತ್ರಿಕೆ ಇಂಗ್ಲಿಷಿನದು, ವಾರಕ್ಕೆ ಎರಡು ಬಾರಿ ಬರುತ್ತಿತ್ತು. ಆಗ ಅವರಿಗೆ 26 ವರ್ಷ. ವಿಶ್ವೇಶ್ವರಯ್ಯನವರು ದಿವಾನರಾಗಿ ಕೆಲವೇ ತಿಂಗಳಾಗಿತ್ತು.

ಒಂದು ಪತ್ರಿಕೆ ಎಂದರೆ ಆಗ ಎಷ್ಟು ಜನರ, ಎಷ್ಟು ವ್ಯವಸ್ಥೆಗಳ ಸರಪಳಿ ಎಂದು ನೋಡೋಣ. ಒಂದೊಂದು ಅಕ್ಷರವನ್ನೂ ಸೀಸದ ಅಚ್ಚುಮೊಳೆಯಲ್ಲಿ ಕೈಯಿಂದ ಜೋಡಿಸಬೇಕು. ಕರಡು ತೆಗೆದು ತಪ್ಪು ತಿದ್ದಬೇಕು. ಆಮೇಲೆ ಯಂತ್ರಕ್ಕೆ ಹಾಕಬೇಕು. ಅಚ್ಚಾದ ಪ್ರತಿಗಳನ್ನು ಮಡಿಸಿ, ವಿಳಾಸದ ಚೀಟಿ ಅಂಟಿಸಿ ಅಂಚೆಗೆ ಒಯ್ಯಬೇಕು. ಮೈಸೂರು ಸಂಸ್ಥಾನಕ್ಕೆ ಮೊದಲು ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿತ್ತು. ನೋಂದಣಿಯಾದ ಪತ್ರಿಕೆಗಳಿಗೆ ಅಂಚೆಯ ದರ ಕಡಿಮೆ. ರಾತ್ರಿಯ ರೈಲಿಗೆ ಕಟ್ಟು ಹಾಕಿದರೆ ಬೆಳಗ್ಗೆ ಬೇರೆ ಊರು. ದೂರದ ಸುದ್ದಿ ಬೇಕೆಂದರೆ ತಂತಿ, ಅದರಲ್ಲಿ ಒಂದೊಂದು ಪದಕ್ಕೂ ಲೆಕ್ಕ. ಅಂದರೆ ಸಂಪಾದಕ ಎಷ್ಟೇ ಸ್ವತಂತ್ರನಾದರೂ ಅವನ ಪತ್ರಿಕೆ ಓಡುವುದು ಸರ್ಕಾರದ ರೈಲು, ಸರ್ಕಾರದ ಅಂಚೆ, ಸರ್ಕಾರದ ತಂತಿಯ ಮೇಲೆ. ಇಂದು ಮೊಬೈಲ್ ಕಂಪನಿ, ಟವರ್, ಇಂಟರ್ನೆಟ್ ಎನ್ನುವುದೆಲ್ಲ ಆಗ ಈ ಮೂರರಲ್ಲಿ ಅಡಗಿತ್ತು.

ಇನ್ನು ಆದಾಯ. ಕಾಗದಕ್ಕೆ, ಶಾಯಿಗೆ, ಮೊಳೆ ಜೋಡಿಸುವವರ ಸಂಬಳಕ್ಕೆ ಹಣ ಮೊದಲೇ ಬೇಕು. ಚಂದಾ ಹಣ ಬರುವುದು ನಿಧಾನ. ಸಂಸ್ಥಾನದಲ್ಲಿ ನೂರು ಜನರಲ್ಲಿ ಹತ್ತು ಜನಕ್ಕೂ ಓದಲು ಬಾರದ ಕಾಲ ಅದು. ಇಂಗ್ಲಿಷ್ ಓದುವವರು ಇನ್ನೂ ಕಡಿಮೆ. ಅಧಿಕಾರಿಗಳು, ವಕೀಲರು, ಅಧ್ಯಾಪಕರು ಬಿಟ್ಟರೆ ಗಿರಾಕಿ ಯಾರು? ದೊಡ್ಡ ಕೈಗಾರಿಕೆಗಳು ಕಡಿಮೆ ಇದ್ದುದರಿಂದ ಜಾಹೀರಾತಿಗೂ ಬರ. ಹೀಗೆ ಗಿರಾಕಿ ಕಡಿಮೆ, ಖರ್ಚು ಖಾಯಂ ಇರುವ ವ್ಯಾಪಾರಕ್ಕೆ ಉಳಿಯಲು ಸುಲಭದ ದಾರಿ ಒಂದೇ. ಅಧಿಕಾರದಲ್ಲಿರುವವರ ಬಳಿ ಸಹಾಯ ಪಡೆಯುವುದು, ಅವರನ್ನು ಹೊಗಳುವುದು.

ಡಿ.ವಿ.ಜಿ. ಆ ದಾರಿ ಹಿಡಿಯಲಿಲ್ಲ. ವಿಶ್ವೇಶ್ವರಯ್ಯನವರ ಮೇಲೆ ಅವರಿಗೆ ಬಹಳ ಗೌರವವಿತ್ತು, ಸ್ನೇಹವೂ ಬಹಳ ಕಾಲ ಉಳಿಯಿತು. ಆದರೆ ಪತ್ರಿಕೆಯಲ್ಲಿ ಸರ್ಕಾರದ ಕೆಲಸವನ್ನು ಒಪ್ಪುವುದೋ ಬಿಡುವುದೋ ಅವರ ಸ್ವಂತ ತೀರ್ಮಾನ. ಅವರಿಗೆ ಮಾದರಿ ಗೋಪಾಲಕೃಷ್ಣ ಗೋಖಲೆ. ಕೂಗಾಡದೆ, ಅಂಕಿ ಅಂಶ ಓದಿ, ಸರ್ಕಾರವನ್ನು ವಿಷಯದ ಮೇಲೆ ಪ್ರಶ್ನಿಸುವ ರೀತಿ ಗೋಖಲೆಯವರದು. ಡಿ.ವಿ.ಜಿ. ಕನ್ನಡದಲ್ಲಿ ಗೋಖಲೆಯವರ ಜೀವನಚರಿತ್ರೆ ಬರೆದರು. ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರ ಬಗ್ಗೆಯೂ ಬರೆದರು. ರಾಜರ ಆಳ್ವಿಕೆಯ ಸಂಸ್ಥಾನಗಳಲ್ಲಿರುವ ಪ್ರಜೆಗಳಿಗೆ ಯಾವ ಹಕ್ಕುಗಳಿರಬೇಕು ಎಂಬುದು ಅವರು ಬಹಳ ವರ್ಷ ಬಿಡದೆ ಬರೆದ ವಿಷಯ.

ಕರ್ನಾಟಕ ಪತ್ರಿಕೆ ಸುಮಾರು ಎಂಟು ವರ್ಷ ನಡೆದು 1920ರ ದಶಕದ ಆರಂಭದಲ್ಲಿ ನಿಂತಿತು. ಆಮೇಲೆ ಇಂಗ್ಲಿಷಿನಲ್ಲಿ ಇನ್ನೊಂದು ಪತ್ರಿಕೆ, ಕನ್ನಡದಲ್ಲಿ ಮತ್ತೊಂದು ಹೀಗೆ ಅವರು ಪ್ರಯತ್ನ ಬಿಡಲಿಲ್ಲ. ಯಾವುದೂ ಅವರನ್ನು ಶ್ರೀಮಂತರನ್ನಾಗಿ ಮಾಡಲಿಲ್ಲ. 1924ರಲ್ಲಿ ಪತ್ನಿ ಭಾಗೀರಥಮ್ಮ ತೀರಿಕೊಂಡರು. ಡಿ.ವಿ.ಜಿ. ಮತ್ತೆ ಮದುವೆಯಾಗಲಿಲ್ಲ. ಅವರ ಮಗ ಬಿ.ಜಿ.ಎಲ್. ಸ್ವಾಮಿ ಮುಂದೆ ಸಸ್ಯವಿಜ್ಞಾನಿಯಾಗಿ, ಕನ್ನಡ ಲೇಖಕರಾಗಿ ಹೆಸರಾದರು.

ಪತ್ರಕರ್ತರ ಸಂಘ, ಸಭೆ, ಸಂಸ್ಥೆ

ಒಬ್ಬನ ಪತ್ರಿಕೆ ನಿಂತುಹೋಗಬಹುದು, ಪತ್ರಕರ್ತರೆಲ್ಲ ಒಟ್ಟಾಗಿದ್ದರೆ ಉದ್ಯೋಗ ನಿಲ್ಲುವುದಿಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಕರ್ನಾಟಕ ಪತ್ರಕರ್ತರ ಸಮ್ಮೇಳನಕ್ಕೆ ಡಿ.ವಿ.ಜಿ. ಅಧ್ಯಕ್ಷರು. ಆಗ ಕನ್ನಡ ನಾಡು ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್ ಎಂದು ಹರಿದು ಹಂಚಿಹೋಗಿತ್ತು. ಬಾಗಲಕೋಟೆ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರಿನ ಸಂಪಾದಕರೊಬ್ಬರು ಅಲ್ಲಿಗೆ ಹೋಗಿ ಅಧ್ಯಕ್ಷರಾದರು ಎಂದರೆ, ನಕ್ಷೆ ಒಂದಾಗುವ ಮೊದಲೇ ಪತ್ರಕರ್ತರು ಒಂದಾಗಿದ್ದರು ಎಂದಾಯಿತು. ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘವೂ 1932ರಲ್ಲಿ ಅವರಿಂದ ಆರಂಭವಾದದ್ದೆಂದು ಸಂಘ ಸ್ಮರಿಸುತ್ತದೆ. ಅದೇ 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು.

1926ರಿಂದ 1940ರವರೆಗೆ ಅವರು ಮೈಸೂರು ಶಾಸನ ಸಭೆಯ ಸದಸ್ಯರಾಗಿದ್ದರು. ಆ ಕಾಲದ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1945ರ ಫೆಬ್ರವರಿ 18ರಂದು ಬೆಂಗಳೂರಿನ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸಾಮಾನ್ಯ ಜನ ಬಜೆಟ್ ಎಂದರೇನು, ಶಾಸನ ಎಂದರೇನು ಎಂದು ಓದಿ ಚರ್ಚಿಸಲು ಒಂದು ಜಾಗ ಬೇಕೆಂಬುದು ಅವರ ಆಸೆ. 1949ರಿಂದ ಆ ಸಂಸ್ಥೆಯಿಂದ ಪಬ್ಲಿಕ್ ಅಫೇರ್ಸ್ ಎಂಬ ಇಂಗ್ಲಿಷ್ ಪತ್ರಿಕೆ ಹೊರಟಿತು. ಅರವತ್ತು ದಾಟಿದ ಮೇಲೂ ಅವರು ಸಂಪಾದಕರೇ.

ಮೆಟ್ರಿಕ್ ಫೇಲಾದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ಬಂದವು. 1970ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಸನ್ಮಾನ ಮಾಡಿ ಅವರಿಗೆ ಒಂದು ನಿಧಿ ಅರ್ಪಿಸಲಾಯಿತು. ಅನುಕೂಲವಂತರಲ್ಲದ ಎಂಬತ್ತು ದಾಟಿದ ಮನುಷ್ಯ ಆ ಹಣವನ್ನು ಮನೆಗೆ ಒಯ್ಯಲಿಲ್ಲ, ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1975ರ ಅಕ್ಟೋಬರ್ 7ರಂದು ಡಿ.ವಿ.ಜಿ. ತೀರಿಕೊಂಡರು. 1988ರಲ್ಲಿ ಅವರ ಚಿತ್ರದ ಅಂಚೆಚೀಟಿ ಬಂತು. ತಮ್ಮ ಪತ್ರಿಕೆಯನ್ನು ವರ್ಷಗಟ್ಟಲೆ ಅಂಚೆಗೆ ಹಾಕಿದವರ ಮುಖವೇ ಅಂಚೆಚೀಟಿಯ ಮೇಲೆ ಬಂತು.

ಲೆಕ್ಕದ ಪುಸ್ತಕಕ್ಕೆ ಬಾರದ್ದು

ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಆಸ್ತಿ ಇದೆ. ಜನ ಒಂದು ಅಂಗಡಿಯ ಮೇಲೆ ಇಟ್ಟ ನಂಬಿಕೆಗೆ ಇರುವ ಬೆಲೆ ಅದು. ವ್ಯಾಪಾರವನ್ನು ಮಾರುವವರೆಗೆ, ಅಥವಾ ಪಾಲುದಾರರು ಬದಲಾಗುವವರೆಗೆ, ತಾನೇ ಗಳಿಸಿದ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ. ಡಿ.ವಿ.ಜಿ.ಯವರ ಪತ್ರಿಕೆಗಳ ಲೆಕ್ಕ ತೆಗೆದರೆ ಬಹುಶಃ ಯಾವ ಬ್ಯಾಂಕೂ ಅವರಿಗೆ ಸಾಲ ಕೊಡುತ್ತಿರಲಿಲ್ಲ. ಆದರೆ ಅವರು ಬರೆದದ್ದನ್ನು ಜನ ನಂಬಿದರು, ಏಕೆಂದರೆ ಅದು ಯಾರೂ ಹಣ ಕೊಟ್ಟು ಬರೆಸಿದ್ದಲ್ಲ. ಅವರು ಅದನ್ನು ಕೊನೆಯವರೆಗೂ ಮಾರಲಿಲ್ಲ, ಹಾಗಾಗಿ ಅದರ ಬೆಲೆ ಯಾವ ಪುಸ್ತಕಕ್ಕೂ ಏರಲಿಲ್ಲ. ಇಂದು ನಮ್ಮ ಮೊಬೈಲಿಗೆ ದಿನಕ್ಕೆ ನೂರು ಸುದ್ದಿ ಬರುತ್ತದೆ. ಕಳಿಸುವುದಕ್ಕೆ ಖರ್ಚೇ ಇಲ್ಲ. ಅವುಗಳಲ್ಲಿ ನಾವು ನಂಬಿ ಹೆಜ್ಜೆ ಇಡಬಹುದಾದದ್ದು ಎಷ್ಟು ಎಂದು ನೋಡಿದರೆ ಡಿ.ವಿ.ಜಿ. ಗಳಿಸಿದ್ದು ಎಂಥ ಆಸ್ತಿ ಎಂದು ಗೊತ್ತಾಗುತ್ತದೆ.

ಆ ಆಸ್ತಿಗೆ ಮೊದಲ ಬಂಡವಾಳ ಹಾಕಿದವರು ಯಾರು? ನನ್ನ ಲೆಕ್ಕದಲ್ಲಿ ರಸೂಲ್ ಖಾನ್. ಒಂದು ಜಟಕಾ, ಒಂದು ಕುದುರೆ, ಮುಳಬಾಗಿಲಿನಿಂದ ಬೌರಿಂಗ್‌ಪೇಟೆಯವರೆಗಿನ ಒಂದು ಪ್ರಯಾಣ. ಬಡ್ಡಿ ಕೇಳಲಿಲ್ಲ, ಪತ್ರ ಬರೆಸಿಕೊಳ್ಳಲಿಲ್ಲ. ಆ ಹುಡುಗ ಮುಂದೆ ಮೆಟ್ರಿಕ್ ಫೇಲಾದ. ಆಗ ಆ ಬಂಡವಾಳ ಮುಳುಗಿತು ಎಂದು ಊರಿನಲ್ಲಿ ಯಾರಾದರೂ ಅಂದಿರಬಹುದು.

ಇದನ್ನು ಬರೆಯುವಾಗ ನನಗೆ ಒಬ್ಬ ಗೆಳೆಯ ನೆನಪಾದ. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ನಾವೆಲ್ಲ ಕಾಲೇಜಿಗೆ ಬಂದೆವು, ಅವನು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿ ಸೇರಿದ. ರೀಚಾರ್ಜ್ ಮಾಡಿಸಲು ಹೋದಾಗ ಮೊದಮೊದಲು ಮಾತಾಡುತ್ತಿದ್ದ, ಆಮೇಲೆ ಕಣ್ಣು ತಪ್ಪಿಸತೊಡಗಿದ. ನಾನೂ ಬೇರೆ ಅಂಗಡಿಗೆ ಹೋಗತೊಡಗಿದೆ. ಇದು ನನ್ನ ತಪ್ಪು, ಅವನದಲ್ಲ.

ಹೋದ ಭಾನುವಾರ ಅವನ ಮನೆಗೆ ಹೋಗಿ ಡಿ.ವಿ.ಜಿ. ಕಥೆ ಹೇಳಿದೆ. ಸೋಡಾ ಕಾರ್ಖಾನೆಯ ಮಾತು ಬಂದಾಗ ನಕ್ಕ. ಮತ್ತೆ ಪರೀಕ್ಷೆ ಕಟ್ಟು, ಫೀಸಿಗೆ ನಾವು ಗೆಳೆಯರು ಸೇರಿಸುತ್ತೇವೆ, ಸಂಜೆ ಗಣಿತ ನಾನು ಹೇಳಿಕೊಡುತ್ತೇನೆ ಎಂದೆ. ಅವನು ಇನ್ನೂ ಒಪ್ಪಿಲ್ಲ. ಯೋಚಿಸುತ್ತೇನೆ ಎಂದಿದ್ದಾನೆ. ಅವನ ಅಮ್ಮಿ ಮಾತ್ರ ಬಾಗಿಲವರೆಗೆ ಬಂದು ನಾಳೆಯೂ ಬಾ ಬೇಟಾ ಎಂದರು.

ನಾಳೆಯೂ ಹೋಗುತ್ತೇನೆ. ನಮ್ಮ ಬಳಿ ಜಟಕಾ ಇಲ್ಲ. ಮಾಮು ಅವರ ಪೇಪರ್ ಸೈಕಲ್ ಇದೆ, ಅದರ ಹಿಂದೆ ಒಬ್ಬ ಕೂರಬಹುದು.

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ